ಚಲನೆ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ಚಲನೆಯ ಪಾಠ ಮೊದಮೊದಲು ಸುಲಭ ಅನ್ನಿಸುತ್ತದೆ. ದೂರ, ವೇಗ, ಬಲ, ತೂಕ, ಎಲ್ಲಾ ಗೊತ್ತಿರುವ ಪದಗಳೇ. ತೊಂದರೆ ಇರುವುದೂ ಅಲ್ಲೇ. ಈ ಪದಗಳನ್ನು ನಾವು ದಿನಾ ಸಡಿಲವಾಗಿ ಬಳಸುತ್ತೇವೆ, ಭೌತಶಾಸ್ತ್ರ ಅವನ್ನೇ ಬಿಗಿಯಾಗಿ ಬಳಸುತ್ತದೆ, ಎರಡರ ನಡುವೆ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತಾರೆ. ನನ್ನ ಹತ್ತಿರ ಪಾಠ ಹೇಳಿಸಿಕೊಳ್ಳುವ ಮಕ್ಕಳು ವರ್ಷಾ ವರ್ಷಾ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕು ಸಾಲು. ಎಲ್ಲೇ ಗೊಂದಲವಾದರೂ ಒಂದು ಮಾತು ಕೇಳಿಕೊಳ್ಳಿ: ಇಲ್ಲಿ ವೇಗ ಬದಲಾಗುತ್ತಿದೆಯಾ, ಇಲ್ವಾ? ಮುಕ್ಕಾಲು ಪಾಲು ಗಂಟು ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಓಡುವ ಬಸ್ಸಿನಲ್ಲಿ ಸುಮ್ನೆ ಕೂತಿದ್ದೇನೆ. ನಾನು ಚಲಿಸುತ್ತಿದ್ದೇನಾ?

ಯಾವುದಕ್ಕೆ ಹೋಲಿಸಿ ಅಂತ ಮೊದಲು ಹೇಳಿ. ಪಕ್ಕದ ಸೀಟಿಗೆ ಹೋಲಿಸಿದರೆ ನೀವು ನಿಶ್ಚಲ. ರಸ್ತೆ ಬದಿಯ ಮರಕ್ಕೆ ಹೋಲಿಸಿದರೆ ಚಲಿಸುತ್ತಿದ್ದೀರಿ. ಎರಡೂ ಸರಿ. ನಿಲ್ದಾಣದಲ್ಲಿ ನಿಂತ ರೈಲಿನೊಳಗೆ ಕೂತಿದ್ದಾಗ ಪಕ್ಕದ ಹಳಿಯ ರೈಲು ಹೊರಟರೆ, ನಮ್ಮದೇ ಹೊರಟಿತು ಅಂತ ಒಂದು ಕ್ಷಣ ಅನ್ನಿಸುತ್ತದೆ ಅಲ್ವಾ? ಆ ಕ್ಷಣದಲ್ಲಿ ನಿಮ್ಮ ಕಣ್ಣು ತಪ್ಪು ಮಾಡಿಲ್ಲ. ಹೋಲಿಸುವುದಕ್ಕೆ ಅದಕ್ಕೆ ಬೇರೇನೂ ಸಿಕ್ಕಿಲ್ಲ, ಅಷ್ಟೇ.

ಇದನ್ನೇ ದೊಡ್ಡದಾಗಿ ನೋಡಿ. ಭೂಮಧ್ಯರೇಖೆಯ ಮೇಲೆ ನಿಂತವರು ಭೂಮಿಯ ಜೊತೆ ಗಂಟೆಗೆ ಸುಮಾರು 1,670 ಕಿ.ಮೀ. ಸುತ್ತುತ್ತಿರುತ್ತಾರೆ. ಇಡೀ ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುತ್ತದೆ. ನಮಗೆ ಏನೂ ಗೊತ್ತಾಗುವುದಿಲ್ಲ. ಯಾಕಂದರೆ ದೇಹಕ್ಕೆ ವೇಗ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ವೇಗದ ಬದಲಾವಣೆ ಮಾತ್ರ.

ದೂರ ಮತ್ತು ಸ್ಥಾನಪಲ್ಲಟ ಎರಡೂ ಮೀಟರಿನಲ್ಲೇ ಇವೆ. ಎರಡು ಹೆಸರು ಯಾಕೆ?

ದೂರ ಅಂದರೆ ಕಾಲು ಸವೆಸಿದ ಲೆಕ್ಕ. ಸ್ಥಾನಪಲ್ಲಟ ಅಂದರೆ ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಎಳೆದ ನೇರ ಗೆರೆ, ದಿಕ್ಕಿನ ಸಮೇತ. 400 ಮೀಟರ್ ಓಟದ ಟ್ರ್ಯಾಕಿನಲ್ಲಿ ಪೂರ್ತಿ ಒಂದು ಸುತ್ತು ಓಡಿ ಬಂದರೆ ದೂರ 400 ಮೀಟರ್, ಸ್ಥಾನಪಲ್ಲಟ ಸೊನ್ನೆ. ಬೆವರು ಸುರಿದಿದ್ದಕ್ಕೆ ಸ್ಥಾನಪಲ್ಲಟದಲ್ಲಿ ಬೆಲೆ ಇಲ್ಲ! ಪೂರ್ವಕ್ಕೆ 3 ಮೀಟರ್, ಆಮೇಲೆ ಉತ್ತರಕ್ಕೆ 4 ಮೀಟರ್ ನಡೆದರೆ ದೂರ 7, ಸ್ಥಾನಪಲ್ಲಟ 5.

ಜವ ಮತ್ತು ವೇಗ ಒಂದೇ ಅಲ್ವಾ?

ಮಾತಿನಲ್ಲಿ ಒಂದೇ, ಪಾಠದಲ್ಲಿ ಅಲ್ಲ. ದೂರವನ್ನು ಸಮಯದಿಂದ ಭಾಗಿಸಿದರೆ ಜವ. ಸ್ಥಾನಪಲ್ಲಟವನ್ನು ಸಮಯದಿಂದ ಭಾಗಿಸಿದರೆ ವೇಗ. ಗಾಡಿಯ ಮೀಟರ್ ತೋರಿಸುವುದು ಜವ, ಅದಕ್ಕೆ ನೀವು ಯಾವ ಕಡೆ ಹೋಗುತ್ತಿದ್ದೀರಿ ಅನ್ನುವುದರ ಗೊಡವೆ ಇಲ್ಲ. ವೇಗಕ್ಕೆ ದಿಕ್ಕೂ ಬೇಕು. ಈ ದಿಕ್ಕಿನ ವಿಷಯ ಈಗ ಸಣ್ಣದು ಅನ್ನಿಸುತ್ತದೆ, ಕೆಳಗೆ ತಿರುವಿನ ಪ್ರಶ್ನೆಗೆ ಬಂದಾಗ ಇದೇ ಕೈ ಹಿಡಿಯುತ್ತದೆ.

ಹೋಗುವಾಗ ಗಂಟೆಗೆ 40 ಕಿ.ಮೀ., ಬರುವಾಗ 60. ಸರಾಸರಿ 50 ತಾನೆ?

ಅಲ್ಲ, 48. ನೂರಕ್ಕೆ ತೊಂಬತ್ತು ಮಕ್ಕಳು 50 ಅಂತಲೇ ಬರೆಯುತ್ತಾರೆ ಅನ್ನುವುದು ನನ್ನ ಅಂದಾಜು. ದಾರಿ 120 ಕಿ.ಮೀ. ಅಂತ ಇಟ್ಟುಕೊಳ್ಳಿ. ಹೋಗುವುದಕ್ಕೆ 3 ಗಂಟೆ, ಬರುವುದಕ್ಕೆ 2 ಗಂಟೆ. ಒಟ್ಟು 240 ಕಿ.ಮೀ., 5 ಗಂಟೆ. ಭಾಗಿಸಿದರೆ 48. ನಿಧಾನವಾಗಿ ಹೋದಾಗ ಜಾಸ್ತಿ ಹೊತ್ತು ದಾರಿಯಲ್ಲಿರುತ್ತೀರಿ, ಹಾಗಾಗಿ ಸರಾಸರಿ ಆ ಕಡೆಗೇ ವಾಲುತ್ತದೆ. ಸರಾಸರಿ ಜವ ಅಂದರೆ ಎರಡು ಜವಗಳನ್ನು ಕೂಡಿ ಎರಡರಿಂದ ಭಾಗಿಸುವುದಲ್ಲ, ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸುವುದು.

ಸರಾಸರಿ ಬೇರೆ, ಆ ಕ್ಷಣದ ಜವ ಬೇರೆ ಅನ್ನುವುದಕ್ಕೆ ಉಸೇನ್ ಬೋಲ್ಟ್ ಒಳ್ಳೆ ಉದಾಹರಣೆ. 2009ರಲ್ಲಿ ಬರ್ಲಿನ್‌ನಲ್ಲಿ ಅವರು 100 ಮೀಟರ್ ಓಡಿದ್ದು 9.58 ಸೆಕೆಂಡಿನಲ್ಲಿ. ಸರಾಸರಿ ಸೆಕೆಂಡಿಗೆ 10.4 ಮೀಟರ್, ಅಂದರೆ ಗಂಟೆಗೆ ಸುಮಾರು 37.6 ಕಿ.ಮೀ. ಆದರೆ ಶುರುವಿನಲ್ಲಿ ಅವರ ಜವ ಸೊನ್ನೆ. ಆ ನಷ್ಟ ತುಂಬಬೇಕಾದರೆ ಓಟದ ನಡುವೆ ಸರಾಸರಿಗಿಂತ ಜೋರಾಗಿ ಓಡಿರಲೇಬೇಕು. ಓಡಿದ್ದಾರೆ ಕೂಡ, ಗಂಟೆಗೆ ಸುಮಾರು 44 ಕಿ.ಮೀ.ವರೆಗೆ.

ಗಂಟೆಗೆ ಕಿ.ಮೀ. ಇದ್ದದ್ದನ್ನು ಸೆಕೆಂಡಿಗೆ ಮೀಟರ್ ಮಾಡುವುದು ಹೇಗೆ?

3.6ರಿಂದ ಭಾಗಿಸಿ. 18 ಇದ್ದರೆ 5, 36 ಇದ್ದರೆ 10, 72 ಇದ್ದರೆ 20. ಈ ಮೂರು ನೆನಪಿದ್ದರೆ ಪರೀಕ್ಷೆಯಲ್ಲಿ ಉತ್ತರ ಎಲ್ಲೋ ಹಳಿ ತಪ್ಪಿದೆ ಅಂತ ಥಟ್ಟನೆ ಗೊತ್ತಾಗುತ್ತದೆ.

ವೇಗೋತ್ಕರ್ಷದ, ಅಂದರೆ ವೇಗ ಬದಲಾಗುವ ದರದ ಮಾನದಲ್ಲಿ (ಮೀಟರ್/ಸೆಕೆಂಡ್²) ಸೆಕೆಂಡ್ ಎರಡು ಸಲ ಯಾಕೆ ಬರುತ್ತದೆ? ವರ್ಗ ಸೆಕೆಂಡ್ ಅಂದರೆ ಏನು?

ವರ್ಗ ಸೆಕೆಂಡ್ ಅಂತ ಓದಿ ತಲೆ ಕೆಡಿಸಿಕೊಳ್ಳಬೇಡಿ, ಹಾಗೆ ಒಂದು ವಸ್ತು ಇಲ್ಲ. ಬಿಡಿಸಿ ಓದಿ. ಒಂದು ಗಾಡಿಯ ವೇಗೋತ್ಕರ್ಷ 2 ಅಂದರೆ, ಪ್ರತಿ ಸೆಕೆಂಡಿಗೆ ಅದರ ವೇಗ "ಸೆಕೆಂಡಿಗೆ 2 ಮೀಟರ್" ಹೆಚ್ಚುತ್ತಾ ಹೋಗುತ್ತದೆ. ಶುರುವಿನಲ್ಲಿ 0, ಒಂದು ಸೆಕೆಂಡ್ ಆದ ಮೇಲೆ 2, ಆಮೇಲೆ 4, ಆಮೇಲೆ 6. ಒಂದು ಸೆಕೆಂಡ್ ವೇಗದ್ದು, ಇನ್ನೊಂದು ಸೆಕೆಂಡ್ ಆ ವೇಗ ಬದಲಾಗಲು ತಗೊಂಡಿದ್ದು.

ಹೆಸರಿನಲ್ಲಿ ಉತ್ಕರ್ಷ ಇದ್ದರೂ ಇದು ಬರೀ ಹೆಚ್ಚುವುದಕ್ಕೆ ಸೇರಿದ್ದಲ್ಲ. ಬ್ರೇಕ್ ಹಾಕಿದಾಗಲೂ ವೇಗೋತ್ಕರ್ಷ ಇದೆ, ಉಲ್ಟಾ ದಿಕ್ಕಿನಲ್ಲಿ. ಮೀಟರಿನ ಮುಳ್ಳು ಒಂಚೂರೂ ಅಲ್ಲಾಡದೆ ಗಾಡಿ ತಿರುವಿನಲ್ಲಿ ತಿರುಗಿದರೂ ಇದೆ, ಯಾಕಂದರೆ ದಿಕ್ಕು ಬದಲಾಯಿತು, ದಿಕ್ಕು ಬದಲಾದರೆ ವೇಗ ಬದಲಾದಂತೆ. ಇನ್ನೊಂದು ಕಡೆ, ವಿಮಾನ ಗಂಟೆಗೆ 900 ಕಿ.ಮೀ. ವೇಗದಲ್ಲಿ ನೇರವಾಗಿ, ಒಂದೇ ಸಮನೆ ಹಾರುತ್ತಿದ್ದರೆ ವೇಗೋತ್ಕರ್ಷ ಸೊನ್ನೆ. ಜೋರಾಗಿ ಹೋಗುವುದಕ್ಕೂ ವೇಗೋತ್ಕರ್ಷಕ್ಕೂ ಸಂಬಂಧ ಇಲ್ಲ.

ಚೆಂಡನ್ನು ಮೇಲಕ್ಕೆ ಎಸೆದಾಗ ತುತ್ತತುದಿಯಲ್ಲಿ ವೇಗ ಸೊನ್ನೆ. ಹಾಗಾದರೆ ಅಲ್ಲಿ ವೇಗೋತ್ಕರ್ಷವೂ ಸೊನ್ನೆ ತಾನೆ?

ಈ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಹಾಗೇನಾದರೂ ಆಗಿದ್ದರೆ ಚೆಂಡು ಅಲ್ಲೇ ನೇತಾಡಿಕೊಂಡು ಇರುತ್ತಿತ್ತು! ವೇಗ ಸೊನ್ನೆ, ಅದು ಬದಲಾಗುವುದೂ ಇಲ್ಲ ಅಂದರೆ ಕೆಳಗೆ ಬರುವುದು ಹೇಗೆ?

ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎಸೆದಿರಿ ಅನ್ನಿ. ಲೆಕ್ಕ ಸುಲಭವಾಗಲಿ ಅಂತ ಗುರುತ್ವದ ವೇಗೋತ್ಕರ್ಷ 9.8ರ ಬದಲು 10 ಇಟ್ಟುಕೊಳ್ಳೋಣ, ಗಾಳಿಯನ್ನು ಮರೆಯೋಣ. ಒಂದು ಸೆಕೆಂಡಿಗೆ ವೇಗ 10 ಆಗುತ್ತದೆ, ಎರಡು ಸೆಕೆಂಡಿಗೆ 0, ಮೂರಕ್ಕೆ −10, ನಾಲ್ಕಕ್ಕೆ −20, ಆಗ ವಾಪಸ್ ನಿಮ್ಮ ಕೈಯಲ್ಲಿ. ಪ್ರತಿ ಸಲವೂ ಕಳೆದದ್ದು ಅದೇ 10. ನಡುವಿನ ಸೊನ್ನೆ ದಾರಿಯಲ್ಲಿ ಸಿಕ್ಕ ಒಂದು ಮೈಲಿಗಲ್ಲು, ಅಷ್ಟೇ. ಗುರುತ್ವ ಅಲ್ಲಿ ರಜೆ ಹಾಕಿಲ್ಲ.

ಭಾರದ ವಸ್ತು ಬೇಗ ಬೀಳುತ್ತದೆ, ಕಣ್ಣಾರೆ ನೋಡಿದ್ದೇನೆ. ಪುಸ್ತಕ ಯಾಕೆ ಇಲ್ಲ ಅನ್ನುತ್ತದೆ?

ಒಂದು ನೋಟ್‌ಬುಕ್, ಅದಕ್ಕಿಂತ ಸ್ವಲ್ಪ ಚಿಕ್ಕ ಕಾಗದದ ಚೂರು ತಗೊಳ್ಳಿ. ಎರಡನ್ನೂ ಬೇರೆ ಬೇರೆಯಾಗಿ ಎದೆ ಎತ್ತರದಿಂದ ಬಿಡಿ. ಪುಸ್ತಕ ದಬ್ ಅಂತ ಬೀಳುತ್ತದೆ, ಕಾಗದ ಆಚೆ ಈಚೆ ತೇಲಿಕೊಂಡು ಆರಾಮಾಗಿ ಬರುತ್ತದೆ. ಈಗ ಕಾಗದವನ್ನು ಪುಸ್ತಕದ ಮೇಲೆ ಇಡಿ, ಅಂಚು ಹೊರಗೆ ಬರದ ಹಾಗೆ. ಅಂಟು ಹಾಕಬೇಡಿ. ಪುಸ್ತಕವನ್ನು ಮಟ್ಟಸವಾಗಿ ಹಿಡಿದು ಬಿಡಿ. ಎರಡೂ ಒಟ್ಟಿಗೆ ಬರುತ್ತವೆ. ಕಾಗದದ ತೂಕ ಹೆಚ್ಚಾಗಲಿಲ್ಲ. ಅದರ ದಾರಿಗೆ ಅಡ್ಡ ಬರುತ್ತಿದ್ದ ಗಾಳಿಯನ್ನು ಪುಸ್ತಕ ತಡೆಯಿತು. ಕೊನೆಗೆ ಕಾಗದವನ್ನು ಉಂಡೆ ಮಾಡಿ, ಪುಸ್ತಕದ ಪಕ್ಕದಲ್ಲಿ ಬಿಟ್ಟು ನೋಡಿ. ನಿಮ್ಮ ಅನುಮಾನ ಅರ್ಧ ಅಲ್ಲೇ ಹೋಗುತ್ತದೆ.

ಗಾಳಿಯೇ ಇಲ್ಲದ ಕಡೆ ಇದನ್ನು ಮಾಡಿ ತೋರಿಸಿದವರು ಅಪೋಲೋ 15ರ ಡೇವಿಡ್ ಸ್ಕಾಟ್. 1971ರ ಆಗಸ್ಟ್‌ನಲ್ಲಿ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಗಿಡುಗದ ಗರಿ ಬಿಟ್ಟರು. ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ಕಾರಣ ಏನು? ಎರಡರಷ್ಟು ರಾಶಿ (ಒಳಗಿರುವ ದ್ರವ್ಯದ ಪ್ರಮಾಣ) ಇರುವ ವಸ್ತುವನ್ನು ಭೂಮಿ ಎರಡರಷ್ಟು ಜೋರಾಗಿ ಎಳೆಯುತ್ತದೆ, ನಿಜ. ಆದರೆ ಆ ವಸ್ತು ಎರಡರಷ್ಟು ಸೋಮಾರಿಯೂ ಹೌದು, ಕದಲಿಸಲು ಎರಡರಷ್ಟು ಬಲ ಬೇಕು. ಎರಡೂ ಸರಿಹೋಗಿ ವೇಗೋತ್ಕರ್ಷ ಅಷ್ಟೇ ಉಳಿಯುತ್ತದೆ.

ಹಾಗಂತ ಗಾಳಿಯನ್ನು ಬೈಯಬೇಡಿ. 2 ಕಿ.ಮೀ. ಎತ್ತರದಿಂದ ಮಳೆ ಹನಿ ಗಾಳಿಯ ತಡೆ ಇಲ್ಲದೆ ಬಿದ್ದರೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 700 ಕಿ.ಮೀ. ವೇಗದಲ್ಲಿ ಇರುತ್ತಿತ್ತು. ನಿಜದಲ್ಲಿ ದೊಡ್ಡ ಹನಿ ಕೂಡ ಸೆಕೆಂಡಿಗೆ 9 ಮೀಟರಿನ ಆಸುಪಾಸಿನಲ್ಲೇ ಬೀಳುತ್ತದೆ. ಗಾಳಿಯ ತಡೆ ಹನಿಯ ತೂಕಕ್ಕೆ ಸಮ ಆದ ತಕ್ಷಣ ವೇಗ ಏರುವುದು ನಿಲ್ಲುತ್ತದೆ. ನಾವು ಕೊಡೆ ಹಿಡಿದು ಬದುಕಿರುವುದು ಅದರಿಂದ.

ಒಂದು ವಸ್ತು ಚಲಿಸುತ್ತಲೇ ಇರಬೇಕಾದರೆ ಬಲ ಬೇಕು ತಾನೆ? ಸೈಕಲ್ ತುಳಿಯುವುದು ಬಿಟ್ಟರೆ ನಿಲ್ಲುತ್ತದೆ.

ನಿಮ್ಮ ಜೊತೆ ಅರಿಸ್ಟಾಟಲ್ ಇದ್ದಾನೆ. ತಳ್ಳುವವರು ಇಲ್ಲದಿದ್ದರೆ ಚಲನೆ ಇಲ್ಲ ಅಂತ ಅವನೂ ಅಂದುಕೊಂಡಿದ್ದ, ಸಾವಿರಾರು ವರ್ಷ ಜನ ಹಾಗೇ ನಂಬಿದ್ದರು. ಹಾಗಾಗಿ ನಿಮಗೂ ಹಾಗೆ ಅನ್ನಿಸಿದರೆ ನಾಚಿಕೆ ಪಡುವಂಥದ್ದೇನಿಲ್ಲ.

ಗೆಲಿಲಿಯೋ ಬೇರೆ ತರಹ ಯೋಚಿಸಿದ. ಒಂದು ಇಳಿಜಾರಿನಿಂದ ಗುಂಡು ಉರುಳಿಸಿ, ಎದುರಿಗೆ ಇನ್ನೊಂದು ಏರು ಇಟ್ಟರೆ ಗುಂಡು ಹೆಚ್ಚುಕಡಿಮೆ ಬಿಟ್ಟಷ್ಟೇ ಎತ್ತರ ಹತ್ತುತ್ತದೆ. ಏರನ್ನು ಸ್ವಲ್ಪ ಮಲಗಿಸಿ. ಅದೇ ಎತ್ತರ ಮುಟ್ಟಲು ಈಗ ಜಾಸ್ತಿ ದೂರ ಓಡಬೇಕು. ಇನ್ನೂ ಮಲಗಿಸಿ, ಇನ್ನೂ ದೂರ. ಪೂರ್ತಿ ಮಟ್ಟ ಮಾಡಿಬಿಟ್ಟರೆ? ಆ ಎತ್ತರ ಅದಕ್ಕೆ ಸಿಗುವುದೇ ಇಲ್ಲ, ಹಾಗಾಗಿ ಘರ್ಷಣೆ ಇಲ್ಲದಿದ್ದರೆ ಓಡುತ್ತಲೇ ಇರಬೇಕು. ನ್ಯೂಟನ್ ಇದನ್ನೇ 1687ರಲ್ಲಿ ತನ್ನ ಮೊದಲ ನಿಯಮವಾಗಿ ಬರೆದ.

ಸೈಕಲ್ ನಿಲ್ಲುವುದು ಬಲ ಇಲ್ಲದ್ದಕ್ಕಲ್ಲ, ಬಲ ಇರುವುದಕ್ಕೆ. ಗಾಳಿ, ರಸ್ತೆ, ಚಕ್ರದ ಒಳಗಿನ ಘರ್ಷಣೆ ಎಲ್ಲಾ ಸೇರಿ ಹಿಂದಕ್ಕೆ ಎಳೆಯುತ್ತವೆ. ನೀವು ತುಳಿಯುವುದು ಆ ಎಳೆತವನ್ನು ಸರಿದೂಗಿಸಲು. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ ಈಗಲೂ ಸೆಕೆಂಡಿಗೆ ಸುಮಾರು 17 ಕಿ.ಮೀ. ಹೋಗುತ್ತಿದೆ. ಹಿಂದಿನಿಂದ ಯಾವ ಎಂಜಿನ್ನೂ ತಳ್ಳುತ್ತಿಲ್ಲ.

ಬಸ್ ಬ್ರೇಕ್ ಹಾಕಿದಾಗ ನಮ್ಮನ್ನು ಮುಂದಕ್ಕೆ ತಳ್ಳುವವರು ಯಾರು?

ಯಾರೂ ಇಲ್ಲ. ಬಸ್ಸಿನ ವೇಗ ಕಡಿಮೆಯಾಯಿತು, ನಿಮ್ಮದು ಆಗಲಿಲ್ಲ. ನೀವು ಮೊದಲಿನ ವೇಗದಲ್ಲೇ ಹೋಗುತ್ತಿದ್ದೀರಿ, ಬಸ್ ಹಿಂದೆ ಬಿತ್ತು. ಬಸ್ಸಿನ ನೆಲದ ಮೇಲೆ ಒಂದು ನೀರಿನ ಬಾಟಲಿ ಬಿದ್ದಿದ್ದರೆ ನೋಡಿ, ಬ್ರೇಕ್ ಹಾಕಿದಾಗ ಮುಂದಕ್ಕೆ ಉರುಳುತ್ತದೆ, ಹೊರಟಾಗ ಹಿಂದಕ್ಕೆ. ಈ ಮೊಂಡುತನಕ್ಕೆ ಜಡತ್ವ ಅಂತ ಹೆಸರು. ಸೀಟ್ ಬೆಲ್ಟ್ ಮಾಡುವ ಕೆಲಸವೂ ಇಷ್ಟೇ, ಗಾಡಿಯ ಜೊತೆಗೇ ನಿಮ್ಮ ವೇಗವನ್ನೂ ಇಳಿಸುವುದು.

ಒಂದು ತಮಾಷೆ. ಹೀಲಿಯಂ ತುಂಬಿದ ಬಲೂನನ್ನು ಕಾರಿನೊಳಗೆ ದಾರ ಕಟ್ಟಿ ಬಿಟ್ಟಿದ್ದರೆ ಬ್ರೇಕ್ ಹಾಕಿದಾಗ ಅದು ಹಿಂದಕ್ಕೆ ಹೋಗುತ್ತದೆ. ಕಾರಿನೊಳಗಿನ ಗಾಳಿ ಹೀಲಿಯಂಗಿಂತ ಭಾರ, ಅದು ಮುಂದಕ್ಕೆ ಒತ್ತಿಕೊಂಡು ಬಂದು ಬಲೂನನ್ನು ಹಿಂದಕ್ಕೆ ನೂಕುತ್ತದೆ.

ಕ್ರಿಯೆ, ಪ್ರತಿಕ್ರಿಯೆ ಎರಡೂ ಸಮ ಅಂದಮೇಲೆ ಒಂದನ್ನೊಂದು ಹೊಡೆದುಹಾಕಬೇಕಲ್ವಾ? ಆಮೇಲೆ ಏನಾದರೂ ಚಲಿಸುವುದು ಹೇಗೆ?

ಒಂದೇ ವಸ್ತುವಿನ ಮೇಲೆ ಬಿದ್ದ ಬಲಗಳು ಮಾತ್ರ ಒಂದನ್ನೊಂದು ಹೊಡೆದುಹಾಕುತ್ತವೆ. ಇವು ಬೇರೆ ಬೇರೆ ವಸ್ತುಗಳ ಮೇಲೆ ಬೀಳುತ್ತವೆ. ಚಿಕ್ಕ ದೋಣಿಯಿಂದ ದಡಕ್ಕೆ ಹಾರಿದರೆ ನೀವು ದೋಣಿಯನ್ನು ಹಿಂದಕ್ಕೆ ತಳ್ಳುತ್ತೀರಿ, ದೋಣಿ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ನೀವು ಮುಂದೆ ಬಂದಿರಿ, ದೋಣಿ ಹಿಂದೆ ಸರಿಯಿತು. ಇಬ್ಬರ ಲೆಕ್ಕ ಬೇರೆ ಬೇರೆ ಖಾತೆಯಲ್ಲಿ ಇದೆ. ನಡೆಯುವಾಗಲೂ ಹೀಗೇ, ಕಾಲು ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ನಿಮ್ಮನ್ನು ಮುಂದಕ್ಕೆ ಒತ್ತುತ್ತದೆ. ನೆಲ ಒದ್ದೆಯಾಗಿದ್ದರೆ ಈ ಒತ್ತಾಟಕ್ಕೆ ಹಿಡಿತ ಸಿಗದೆ ಜಾರುತ್ತೀರಿ.

ಇಲ್ಲೊಂದು ಹಳ್ಳ ಇದೆ, ನೋಡಿಕೊಂಡು ನಡೆಯಿರಿ. ಮೇಜಿನ ಮೇಲೆ ಪುಸ್ತಕ ಇದೆ. ಅದರ ತೂಕ ಕೆಳಕ್ಕೆ, ಮೇಜಿನ ಒತ್ತು ಮೇಲಕ್ಕೆ, ಎರಡೂ ಸಮ. ಇದು ಕ್ರಿಯೆ ಪ್ರತಿಕ್ರಿಯೆ ಜೋಡಿ ಅಂತ ಬರೆದರೆ ತಪ್ಪು. ಎರಡೂ ಪುಸ್ತಕದ ಮೇಲೇ ಬಿದ್ದಿವೆ. ಭೂಮಿ ಪುಸ್ತಕವನ್ನು ಎಳೆಯುವುದಕ್ಕೆ ನಿಜವಾದ ಜೋಡಿ, ಪುಸ್ತಕ ಭೂಮಿಯನ್ನು ಎಳೆಯುವುದು. ಹೌದು, ಎಳೆಯುತ್ತದೆ, ಅಷ್ಟೇ ಬಲದಿಂದ. ಭೂಮಿ ಅಷ್ಟು ದೊಡ್ಡದಾಗಿರುವುದರಿಂದ ಅದಕ್ಕೆ ಲೆಕ್ಕಕ್ಕಿಲ್ಲ.

ರಾಶಿ ಮತ್ತು ತೂಕ?

ರಾಶಿ ನಿಮ್ಮೊಳಗೆ ಎಷ್ಟು ದ್ರವ್ಯ ಇದೆ ಅನ್ನುವುದು, ಕಿಲೋಗ್ರಾಂನಲ್ಲಿ. ತೂಕ ಅಂದರೆ ಅದನ್ನು ಗುರುತ್ವ ಎಳೆಯುವ ಬಲ, ನ್ಯೂಟನ್‌ನಲ್ಲಿ. ರಾಶಿ 40 ಕೆ.ಜಿ. ಇದ್ದರೆ ಭೂಮಿಯ ಮೇಲೆ ತೂಕ 392 ನ್ಯೂಟನ್. ಚಂದ್ರನ ಮೇಲೆ ತೂಕ ಸುಮಾರು ಆರನೇ ಒಂದು ಭಾಗ, ರಾಶಿ ಅದೇ 40.

ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲ, ಅದಕ್ಕೇ ತೇಲುತ್ತಾರೆ. ಸರಿನಾ?

ತಪ್ಪು. ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಗುರುತ್ವ ನೆಲದ ಮೇಲಿರುವುದರ ಸುಮಾರು 90 ಪ್ರತಿಶತ ಇದೆ. ಅವರು ತೇಲುತ್ತಿಲ್ಲ, ಬೀಳುತ್ತಿದ್ದಾರೆ, ನಿಲ್ದಾಣವೂ ಅವರ ಜೊತೆಗೇ ಬೀಳುತ್ತಿದೆ. ಅಡ್ಡಕ್ಕೆ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಓಡುತ್ತಿರುವುದರಿಂದ, ಅವರು ಬಿದ್ದಷ್ಟೂ ಭೂಮಿಯ ಮೈ ಬಾಗುತ್ತಾ ಹೋಗುತ್ತದೆ, ನೆಲ ಸಿಗುವುದೇ ಇಲ್ಲ.

ದಾರಕ್ಕೆ ಕಟ್ಟಿದ ಕಲ್ಲನ್ನು ತಿರುಗಿಸುವಾಗ ದಾರ ತುಂಡಾದರೆ ಕಲ್ಲು ಎತ್ತ ಹೋಗುತ್ತದೆ?

ತುಂಬಾ ಜನ ಕೈಯಿಂದ ನೇರ ಹೊರಗೆ ಅನ್ನುತ್ತಾರೆ. ಅಲ್ಲ. ಆ ಕ್ಷಣದಲ್ಲಿ ಯಾವ ದಿಕ್ಕಿಗೆ ಹೋಗುತ್ತಿತ್ತೋ ಅದೇ ದಿಕ್ಕಿಗೆ, ಅಂದರೆ ವೃತ್ತವನ್ನು ಸವರಿಕೊಂಡು ಹೋಗುವ ಸ್ಪರ್ಶಕದ ಗುಂಟ. ಕಲ್ಲಿಗೆ ಸುತ್ತುವ ಆಸೆ ಇಲ್ಲ, ನೇರ ಹೋಗುವ ಕಲ್ಲನ್ನು ದಾರ ಕ್ಷಣಕ್ಷಣವೂ ಒಳಕ್ಕೆ ಎಳೆದು ದಿಕ್ಕು ತಿರುಗಿಸುತ್ತಿತ್ತು. ಜವ ಒಂದೇ ಇದ್ದರೂ ವೇಗ ಬದಲಾಗುತ್ತಿತ್ತು, ಹಾಗಾಗಿ ಬಲ ಬೇಕಿತ್ತು. ದಾರ ಹೋಯಿತು, ಬಲ ಹೋಯಿತು, ಕಲ್ಲು ತನ್ನ ಪಾಡಿಗೆ ನೇರ ಹೊರಟಿತು.

ವೇಗ ಎರಡರಷ್ಟು ಆದರೆ ನಿಲ್ಲುವ ದೂರವೂ ಎರಡರಷ್ಟು ಆಗುತ್ತದೆ, ಅಲ್ವಾ?

ಇಲ್ಲ, ನಾಲ್ಕರಷ್ಟು. ಬ್ರೇಕ್ ಪ್ರತಿ ಸೆಕೆಂಡಿಗೆ ವೇಗವನ್ನು 5ರಂತೆ ಇಳಿಸುತ್ತದೆ ಅನ್ನಿ. ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ಇದ್ದರೆ ನಿಲ್ಲಲು 2 ಸೆಕೆಂಡ್, ಆ ಹೊತ್ತಿನ ಸರಾಸರಿ ವೇಗ 5, ದೂರ 10 ಮೀಟರ್. ಗಂಟೆಗೆ 72 ಇದ್ದರೆ 4 ಸೆಕೆಂಡ್, ಸರಾಸರಿ 10, ದೂರ 40 ಮೀಟರ್. ಸಮಯವೂ ಎರಡರಷ್ಟು, ಸರಾಸರಿಯೂ ಎರಡರಷ್ಟು, ಗುಣಿಸಿದರೆ ನಾಲ್ಕು. ಇದರ ಮೇಲೆ, ಚಾಲಕ ಕಂಡು ಬ್ರೇಕ್ ಒತ್ತುವುದಕ್ಕೆ ಒಂದು ಸೆಕೆಂಡ್ ತಗೊಂಡರೆ ಮೊದಲ ಗಾಡಿ 20 ಮೀಟರಿಗೆ ನಿಂತಿತು, ಎರಡನೆಯದು 60 ಮೀಟರಿಗೆ. ಈ ಒಂದು ಲೆಕ್ಕ ಗಾಡಿ ಓಡಿಸುವ ದೊಡ್ಡವರಿಗೂ ಹೇಳಿ.

ಮೂರು ಸಮೀಕರಣಗಳಲ್ಲಿ ಯಾವುದು ಹಾಕಬೇಕು ಅಂತ ಗೊತ್ತಾಗುವುದಿಲ್ಲ.

ಲೆಕ್ಕದಲ್ಲಿ ಕೊಡದೇ ಇರುವುದು, ಕೇಳದೇ ಇರುವುದು ಯಾವುದು ನೋಡಿ. ದೂರದ ಸುದ್ದಿಯೇ ಇಲ್ಲವಾ? ಕೊನೆಯ ವೇಗ = ಮೊದಲ ವೇಗ + ವೇಗೋತ್ಕರ್ಷ × ಸಮಯ. ಕೊನೆಯ ವೇಗದ ಸುದ್ದಿ ಇಲ್ಲವಾ? ದೂರ = ಮೊದಲ ವೇಗ × ಸಮಯ + ½ × ವೇಗೋತ್ಕರ್ಷ × ಸಮಯದ ವರ್ಗ. ಸಮಯದ ಸುದ್ದಿ ಇಲ್ಲದಿದ್ದರೆ ಮೂರನೆಯದು, ವೇಗಗಳ ವರ್ಗ ಇರುವುದು. ವೇಗೋತ್ಕರ್ಷ ಒಂದೇ ಸಮ ಇದ್ದಾಗ ಮಾತ್ರ ಈ ಮೂರೂ ನಡೆಯುತ್ತವೆ, ಇದನ್ನು ಮರೆಯಬೇಡಿ.

ಇನ್ನು ಮೈನಸ್ ಚಿಹ್ನೆ. ಲೆಕ್ಕ ಶುರು ಮಾಡುವ ಮೊದಲೇ ಯಾವ ದಿಕ್ಕು ಪ್ಲಸ್ ಅಂತ ಹಾಳೆಯ ಮೇಲೆ ಒಂದು ಬಾಣ ಹಾಕಿಬಿಡಿ. ನಾನು ಶಾಲೆಯಲ್ಲಿದ್ದಾಗ ಒಂದು ಮೈನಸ್ ಬಿಟ್ಟು, ಕಟ್ಟಡದ ಮೇಲಿಂದ ಬಿದ್ದ ಕಲ್ಲನ್ನು ಆಕಾಶಕ್ಕೆ ಕಳಿಸಿದ್ದೆ. ಹಂತಗಳೆಲ್ಲಾ ಅಚ್ಚುಕಟ್ಟಾಗಿದ್ದವು, ಅಂಕ ಬರಲಿಲ್ಲ.

ಚಲನೆಯ ನಕ್ಷೆ (ಗ್ರಾಫ್) ನೋಡಿದರೆ ಭಯ ಆಗುತ್ತದೆ.

ಮೊದಲು ನಿಂತ ಗೆರೆಯ ಪಕ್ಕ ಏನು ಬರೆದಿದೆ ಓದಿ. ದೂರ ಇದ್ದರೆ, ಗೆರೆ ಎಷ್ಟು ಕಡಿದಾಗಿದೆಯೋ ಅಷ್ಟು ಜವ. ವೇಗ ಇದ್ದರೆ, ಗೆರೆಯ ಓರೆ ವೇಗೋತ್ಕರ್ಷ, ಗೆರೆಯ ಕೆಳಗಿನ ಜಾಗ ಸ್ಥಾನಪಲ್ಲಟ. ಮಲಗಿದ ಗೆರೆ ಮೊದಲನೆಯದರಲ್ಲಿ "ನಿಂತಿದೆ" ಅನ್ನುತ್ತದೆ, ಎರಡನೆಯದರಲ್ಲಿ "ಒಂದೇ ವೇಗದಲ್ಲಿ ಹೋಗುತ್ತಿದೆ" ಅನ್ನುತ್ತದೆ. ತಪ್ಪುಗಳು ಹುಟ್ಟುವುದೇ ಈ ಪಕ್ಕದ ಹೆಸರು ಓದದೆ.

ಇದೆಲ್ಲಾ ಓದಿ ಆಯಿತು. ಮನೆಯಲ್ಲಿ ನಿಜವಾಗಿ ಅಳೆದು ನೋಡುವಂಥದ್ದು ಏನಾದರೂ ಇದೆಯಾ?

30 ಸೆಂ.ಮೀ. ಸ್ಕೇಲ್ ಸಾಕು. ಗೆಳೆಯರ ಹೆಬ್ಬೆರಳು, ತೋರುಬೆರಳುಗಳ ನಡುವೆ ಸ್ಕೇಲಿನ ಸೊನ್ನೆ ಇರುವ ತುದಿ ಬರುವ ಹಾಗೆ ಮೇಲಿಂದ ನೇತುಹಿಡಿಯಿರಿ. ಅವರು ಸ್ಕೇಲನ್ನು ಮುಟ್ಟಿರಬಾರದು. ಹೇಳದೆ ಬಿಡಿ. ಅವರು ಹಿಡಿದ ಜಾಗದಲ್ಲಿ ಎಷ್ಟು ಸೆಂ.ಮೀ. ಇದೆಯೋ ಸ್ಕೇಲ್ ಅಷ್ಟು ಬಿದ್ದಿದೆ. ಮೊದಲ ವೇಗ ಸೊನ್ನೆ, ಹಾಗಾಗಿ ಮೇಲಿನ ಎರಡನೇ ಸಮೀಕರಣದಲ್ಲಿ ಉಳಿಯುವುದು ಅರ್ಧ × 9.8 × ಸಮಯದ ವರ್ಗ ಮಾತ್ರ. 20 ಸೆಂ.ಮೀ. ಬಿದ್ದರೆ 0.20 ಸೆಕೆಂಡ್, 15 ಆದರೆ 0.17, 10 ಆದರೆ 0.14. ಲೆಕ್ಕ ಮಾಡುವಾಗ ಸೆಂ.ಮೀ.ಯನ್ನು ಮೀಟರ್ ಮಾಡಿಕೊಳ್ಳಿ.

ಬರ್ಲಿನ್ ಓಟದಲ್ಲಿ ಬಂದೂಕಿನ ಸದ್ದಿಗೆ ಬೋಲ್ಟ್ ಕದಲಲು ತಗೊಂಡದ್ದು 0.146 ಸೆಕೆಂಡ್. ಅದು ಕಿವಿಯ ಆಟ, ಇದು ಕಣ್ಣಿನದು, ಆದರೂ ಹೋಲಿಸಿ ನೋಡಲು ಮಜಾ ಇರುತ್ತದೆ. ಓಟದಲ್ಲಿ 0.1 ಸೆಕೆಂಡಿಗಿಂತ ಮೊದಲೇ ಕದಲಿದರೆ ತಪ್ಪು ಹೊರಡಿಕೆ ಅಂತ ಹೊರಗೆ ಹಾಕುತ್ತಾರೆ, ಸ್ಕೇಲಿನ ಮೇಲೆ ಅದು 4.9 ಸೆಂ.ಮೀ. ನಿಮ್ಮ ಗೆಳೆಯರು ಅದಕ್ಕಿಂತ ಕೆಳಗೇ ಹಿಡಿದುಬಿಟ್ಟರೆ, ಅವರು ಸ್ಕೇಲ್ ಬಿದ್ದದ್ದನ್ನು ನೋಡಿ ಹಿಡಿದಿಲ್ಲ, ನೀವು ಬಿಡುವ ಹೊತ್ತನ್ನು ಊಹಿಸಿದ್ದಾರೆ. ಇನ್ನೊಂದು ಸಲ ಬಿಡಿ, ಈ ಸಲ ಸ್ವಲ್ಪ ಕಾಯಿಸಿ.